ಭಾನುವಾರದ ಇಂಗ್ಲಿಷ್ ಕ್ಲಾಸ್: ಬರುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಕ್ಲಾಸ್ ಇದೆ. ಹೊಸದಾಗಿ ಸೇರಿದವರೂ ಬನ್ನಿ. ಕಳೆದ ವಾರ ನೀವು ಕಳಿಸಿದ ಪ್ಯಾರಾಗಳಲ್ಲಿ ಎರಡು ತಪ್ಪು ಮತ್ತೆ ಮತ್ತೆ ಸಿಕ್ಕವು. ಈ ಸಲ ಅವನ್ನೇ ಹಿಡಿದು ಕೂರೋಣ.

ಒಂದು, ‘ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್’. ಆಲ್ದೋ ಬಂದ ಮೇಲೆ ಬಟ್ ಬೇಡ. ಬಿಕಾಸ್ ಜೊತೆ ಸೋ ಹಾಕುವುದೂ ಇದೇ ಕಥೆ.

ಇನ್ನೊಂದು ನಮ್ಮ ಮರ್ಯಾದೆಯಿಂದಲೇ ಬಂದ ತಪ್ಪು! ಅಜ್ಜಿಯನ್ನು ನಾವು ‘ಅವರು’ ಅನ್ನುತ್ತೇವೆ, ಅಲ್ವಾ? ಅದೇ ಅಭ್ಯಾಸದಲ್ಲಿ ಒಬ್ಬರು ‘ಮೈ ಗ್ರ್ಯಾಂಡ್‌ಮದರ್ ಈಸ್ ಸ್ಲೀಪಿಂಗ್, ದೇ ಆರ್ ಟಯರ್ಡ್’ ಅಂತ ಬರೆದಿದ್ದಾರೆ. ಓದಿದವರಿಗೆ ಮನೆಯಲ್ಲಿ ಎಷ್ಟು ಜನ ಸುಸ್ತಾಗಿದ್ದಾರೆ ಅಂತ ಗೊಂದಲ. ಅಲ್ಲಿ ‘ಶೀ ಈಸ್’ ಅಂದರೆ ಸಾಕು, ಅಜ್ಜಿಗೇನೂ ಬೇಜಾರಾಗುವುದಿಲ್ಲ.

ಮನೆಯ ಹಿರಿಯರೊಬ್ಬರ ಬಗ್ಗೆ ಐದು ವಾಕ್ಯ ಬರೆದು ಶನಿವಾರ ರಾತ್ರಿ 9ರೊಳಗೆ ಇಲ್ಲೇ ಹಾಕಿ. ನೋಟ್‌ಬುಕ್ ಫೋಟೊ ಬೇಡ, ಟೈಪ್ ಮಾಡಿ. ತಿದ್ದೋಕೆ ಸುಲಭ.

ಬರುವವರು ‘ಬರ್ತೀನಿ’ ಅಂತ ಹೆಸರಿನ ಜೊತೆ ತಿಳಿಸಿ, ಕುರ್ಚಿ ಜೋಡಿಸಬೇಕು. ಸುಮ್ನೆ ಹೆಬ್ಬೆರಳು ತೋರಿಸಿದರೆ ಲೆಕ್ಕ ಸಿಗುವುದಿಲ್ಲ.