ಗಡ್ಡೆಯ ಡಬ್ಬಿಯನ್ನು ನೆಂಟರ ಕೈಗೆ ಕೊಡಬೇಡಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ತುಮಕೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಹಿಡ್ಕೊಂಡು ನಿಂತಿದ್ದೆ. ಅದರಲ್ಲಿ ನಮ್ಮ ಅತ್ತಿಗೆಯ ಎದೆಯಿಂದ ತೆಗೆದ ಗಡ್ಡೆ ಇತ್ತು. ಆಪರೇಷನ್ ಮಾಡಿದ ಕಡೆ ಮುಂದಿನ ಟೆಸ್ಟ್ ಇರಲಿಲ್ಲ. 'ಬೆಂಗಳೂರಿನ ಲ್ಯಾಬಿಗೆ ಕೊಟ್ಟು ಬನ್ನಿ' ಅಂದರು. ಗಡ್ಡೆ ದೊಡ್ಡದು, ಡಬ್ಬಿ ಚಿಕ್ಕದು. ಗಡ್ಡೆ ಕೆಡದಂತೆ ಹಾಕುವ ಫಾರ್ಮಲಿನ್ ದ್ರಾವಣದಲ್ಲಿ ಅದು ಅರ್ಧ ಮಾತ್ರ ಮುಳುಗಿತ್ತು. ದಾಬಸ್‌ಪೇಟೆ, ನೆಲಮಂಗಲ ದಾಟಿ ನಾನು ಹೋಗೋ ಹೊತ್ತಿಗೆ ಲ್ಯಾಬ್ ಬಾಗಿಲು ಹಾಕಿತ್ತು. ಭಾನುವಾರವೆಲ್ಲ ಆ ಡಬ್ಬಿ ನೆಂಟರ ಮನೆಯ ಅಟ್ಟದ ಮೇಲಿತ್ತು.

ಆ ಟೆಸ್ಟಿನ ಹೆಸರು ಹರ್-2. ಸ್ತನ ಕ್ಯಾನ್ಸರ್ ಕಣದ ಮೈಮೇಲೆ ಇರುವ ಒಂದು ಪ್ರೋಟೀನ್ ಅದು. 'ಬೆಳೆ' ಅನ್ನೋ ಸಂದೇಶವನ್ನು ಹೊರಗಿನಿಂದ ಒಳಕ್ಕೆ ದಾಟಿಸುತ್ತೆ. ಒಳ್ಳೆಯ ಕಣದ ಮೇಲೂ ಸ್ವಲ್ಪ ಇರುತ್ತೆ. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ 15ರಿಂದ 20ರಲ್ಲಿ ಮಾತ್ರ ವಿಪರೀತ ಜಾಸ್ತಿ ಇರುತ್ತೆ. ಅಂಥ ಗಡ್ಡೆ ಬೇಗ ಬೆಳೆಯುತ್ತೆ, ತೆಗೆದ ಮೇಲೂ ಮತ್ತೆ ಬರುವ ಭಯ ಹೆಚ್ಚು ಅಂತ 1987ರಲ್ಲಿ ಅಮೆರಿಕದ ಡೆನ್ನಿಸ್ ಸ್ಲ್ಯಾಮನ್ ಮತ್ತು ಅವರ ಜೊತೆಗಾರರು ತೋರಿಸಿದರು. ಆಗ ಅದು ಬರೀ ಕೆಟ್ಟ ಸುದ್ದಿ. 1998ರಲ್ಲಿ ಅದೇ ಪ್ರೋಟೀನನ್ನು ಹಿಡಿದು ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಪರೇಷನ್ ಆದವರಿಗೆ ಕೀಮೋ ಜೊತೆ ಇದನ್ನೂ ಕೊಟ್ಟರೆ ಕಾಯಿಲೆ ಮರಳುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತೆ ಅಂತ 2005ರಲ್ಲಿ ಗೊತ್ತಾಯಿತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಇದೇ ಬಗೆಯ ಔಷಧಿ ಮಾರುಕಟ್ಟೆಗೆ ತಂದಿತು. ಔಷಧಿ ಇಷ್ಟು ಹತ್ತಿರ ಬಂದಿದೆ ಸ್ವಾಮಿ. ಆದರೆ ಯಾರಿಗೆ ಕೊಡಬೇಕು ಅಂತ ಹೇಳೋದು ಆ ಡಬ್ಬಿ.

ಲ್ಯಾಬಿನ ಡಾಕ್ಟರಮ್ಮ ನನಗೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಹರ್-2 ವಿಪರೀತ ಜಾಸ್ತಿ ಇರುವ ಬೇರೆಯವರ ಸ್ಲೈಡಿನಲ್ಲಿ ಪ್ರತಿ ಕಣದ ಸುತ್ತ ಬಣ್ಣ ಹಿಡಿದ ದಪ್ಪ ಕಂದು ಗೆರೆ, ಕೋಳಿ ಗೂಡಿನ ಜಾಲರಿ ತರ. ಅದು ಮೂರು ಪ್ಲಸ್, ಅಂದರೆ ಪಾಸಿಟಿವ್. ಅತ್ತಿಗೆಯ ಸ್ಲೈಡಿನ ಅಂಚಿನಲ್ಲಿ ಗೆರೆ ಮಸುಕಾಗಿತ್ತು. ನಡುವಿನಲ್ಲಿ ಸರಿಯಾಗಿ ಕೂತೇ ಇರಲಿಲ್ಲ. 'ಫಾರ್ಮಲಿನ್ ಒಳಗೆ ಇಳಿದಿಲ್ಲ' ಅಂದರು. ರಿಪೋರ್ಟ್ ಬಂದಿದ್ದು ಎರಡು ಪ್ಲಸ್. 'ಎರಡು ಪ್ಲಸ್ ಅಂದ್ರೆ ಇದೆಯಾ, ಇಲ್ವಾ?' ಅಂತ ಅತ್ತಿಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಪ್ಲಸ್ ಅಂದರೆ ಖಚಿತವಿಲ್ಲ ಅಂತ; ಆಗ ಫಿಶ್ ಅನ್ನೋ ಇನ್ನೊಂದು ಟೆಸ್ಟ್ ಮಾಡಿ ಆ ಪ್ರೋಟೀನ್ ತಯಾರಿಸುವ ಜೀನನ್ನೇ ಎಣಿಸಬೇಕು. ಮತ್ತೆ ದುಡ್ಡು ಹೊಂದಿಸಿದೆವು, ಮತ್ತೆ ಕಾದೆವು. ಕೊನೆಗೆ ಪಾಸಿಟಿವ್ ಅಂತ ಬಂತು. ಈಗ ಮೂರು ವಾರಕ್ಕೊಮ್ಮೆ ಇಂಜೆಕ್ಷನ್, ಮೊನ್ನೆಗೆ ಒಂಬತ್ತಾಯಿತು.

ನಮ್ಮ ಹತ್ತಿರ ಸಾಲ ಕೊಡುವವರಿದ್ದರು. ಪಾವಗಡದ ಕಡೆಯ ಕೂಲಿ ಹೆಣ್ಣುಮಗಳಿಗೆ ಯಾರಿದ್ದಾರೆ? ಎರಡು ಪ್ಲಸ್ ಅಂತ ಬಂದ ಮೇಲೆ ಅವಳು ಮನೆಗೆ ಹೋಗಿಬಿಡ್ತಾಳೆ ಅಲ್ವಾ?

ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಅದನ್ನು ಸೀಳಿ, ಪೂರ್ತಿ ಮುಳುಗುವಷ್ಟು ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಹಾಕಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ. ದೊಡ್ಡ ಡಬ್ಬಿ ಬೇಕು, ಒಬ್ಬರು ಜವಾಬ್ದಾರರು ಬೇಕು. ಜಿಲ್ಲೆಯಲ್ಲಿ ಸ್ತನದ ಗಡ್ಡೆ ತೆಗೆಯುವ ಪ್ರತಿ ಆಸ್ಪತ್ರೆಗೂ, ಸರ್ಕಾರಿ ಆಗಲಿ ಖಾಸಗಿ ಆಗಲಿ, ಈ ಬಗ್ಗೆ ಒಂದು ಸುತ್ತೋಲೆ ಕಳಿಸಿ. ಡಬ್ಬಿಗಳನ್ನು ಲ್ಯಾಬಿಗೆ ಮುಟ್ಟಿಸಲು ದಿನಾ ಒಂದು ಗಾಡಿ ಓಡಿಸಿ. ಹರ್-2 ಟೆಸ್ಟ್ ಜಿಲ್ಲೆಯಲ್ಲೇ ಬಿಟ್ಟಿಯಾಗಿ ಆಗಲಿ. ಎರಡು ಪ್ಲಸ್ ಬಂದವರ ಫಿಶ್ ಖರ್ಚನ್ನೂ ಸರ್ಕಾರವೇ ಕೊಡಲಿ.

ನನ್ನ ಕೈಲಿದ್ದ ಡಬ್ಬಿಯ ಮೇಲೆ ಅತ್ತಿಗೆಯ ಹೆಸರು, ವಯಸ್ಸು ಎರಡೇ ಇದ್ದವು. ಇನ್ನೆರಡು ಸಾಲು ಸೇರಿಸಿ: ಗಡ್ಡೆ ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲೇ ಈ ಆದೇಶ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಮಧುಗಿರಿ ತಾಲ್ಲೂಕಿನ ಒಬ್ಬ ಮತದಾರ