ಗುಂಡಿ ಮುಚ್ಚುವ ಮೊದಲು ಟಿಪ್ಪರ್ ತೂಗಿ

ಮಾನ್ಯರೇ,

ಮಳೆ ಶುರುವಾದರೆ ಸಾಕು, ರಸ್ತೆ ಗುಂಡಿಗೆಲ್ಲ ಕಳಪೆ ಡಾಂಬರೇ ಕಾರಣ ಎಂಬ ಮಾತು ಕೇಳಿಬರುತ್ತದೆ. ಕಳಪೆ ಕಾಮಗಾರಿ ಇಲ್ಲವೆಂದಲ್ಲ. ಆದರೆ ಚಿಕ್ಕಬಳ್ಳಾಪುರದ ಕಡೆಯಿಂದ ಬೆಂಗಳೂರಿಗೆ ಜಲ್ಲಿ, ಎಂ–ಸ್ಯಾಂಡ್ ಹೊರುವ ಟಿಪ್ಪರ್‌ಗಳು ಹಾಯುವ ಹಳ್ಳಿ ರಸ್ತೆಗಳನ್ನು ಎಷ್ಟು ಚೆನ್ನಾಗಿ ಮಾಡಿದರೂ ಅವು ಉಳಿಯುವುದಿಲ್ಲ.

ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಡ್ಡ ದಂಡ) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. 1958–60ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಲಾರಿಗಳನ್ನು ಓಡಿಸಿ ಕಂಡುಕೊಂಡ ಈ ನಾಲ್ಕನೇ ಘಾತದ ಸೂತ್ರವನ್ನೇ (ಭಾರ ಎಷ್ಟು ಪಟ್ಟೋ ಆ ಸಂಖ್ಯೆಯನ್ನು ನಾಲ್ಕು ಸಲ ಬರೆದು ಗುಣಿಸಿದಷ್ಟು ಹಾನಿ) ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ವಿನ್ಯಾಸ ಮಾರ್ಗಸೂಚಿಯೂ ಬಳಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ತೂಕ ಹೆಚ್ಚಿದ್ದು ಶೇ 13ರಷ್ಟು, ಹಾನಿ ಹೆಚ್ಚಿದ್ದು ಶೇ 60ಕ್ಕೂ ಮೇಲೆ.

ಹತ್ತು ಚಕ್ರದ ಟಿಪ್ಪರನ್ನೇ ನೋಡಿ. ಅದರ ಹಿಂದಿನ ಜೋಡಿ ಆಕ್ಸಲ್‌ಗೆ ಕಾನೂನಿನ ಮಿತಿ 21 ಟನ್. ಹಾನಿಯ ಲೆಕ್ಕಕ್ಕೆ ಹಿಡಿಯುವ ಪ್ರಮಾಣಿತ ಜೋಡಿ ಆಕ್ಸಲ್ ಸುಮಾರು 15.1 ಟನ್. ಅಂದರೆ ನಾಲ್ಕನೇ ಘಾತದ ಲೆಕ್ಕದಲ್ಲಿ, ಮಿತಿಯಷ್ಟೇ ತುಂಬಿದ ಟಿಪ್ಪರ್ ಒಂದು ಸಲ ಹಾದರೆ 3.7 ಪ್ರಮಾಣಿತ ಆಕ್ಸಲ್ ಹಾದಂತೆ. ಟಿಪ್ಪರಿನ ತೊಟ್ಟಿಯ ಅಂಚಿಗೆ ಹಲಗೆ ಕಟ್ಟಿ ಇನ್ನಾರು ಟನ್ ತುಂಬಿದರೆ ಅದು 10 ದಾಟುತ್ತದೆ. ಹತ್ತು ವರ್ಷಕ್ಕೆ ಒಂದು ಲಕ್ಷ ಪ್ರಮಾಣಿತ ಆಕ್ಸಲ್ ಎಂದು ವಿನ್ಯಾಸ ಮಾಡಿದ ಗ್ರಾಮೀಣ ರಸ್ತೆಯಲ್ಲಿ ಇಂಥ ನೂರು ಲೋಡ್ ದಿನವೂ ಹೋದರೆ ಸುಮಾರು ಮೂರು ತಿಂಗಳಲ್ಲೇ ಅದರ ಆಯಸ್ಸು ಮುಗಿಯಿತು. ಓವರ್‌ಲೋಡ್ ಇಲ್ಲದಿದ್ದರೂ ವರ್ಷ ತುಂಬುವುದಿಲ್ಲ. ಅದೇ ರಸ್ತೆಯಲ್ಲಿ ಸಣ್ಣ ಕಾರುಗಳು ಮಾಡುವ ಹಾನಿ ಲೆಕ್ಕಕ್ಕೇ ಬರುವುದಿಲ್ಲ.

ಇಂಥ ರಸ್ತೆಗಳ ಮೇಲ್ಪದರ ಹೆಚ್ಚಾಗಿ 20 ಮಿ.ಮೀ. ದಪ್ಪದ ಡಾಂಬರು–ಜಲ್ಲಿ ಹೊದಿಕೆ (ಕಾರ್ಪೆಟ್). ಭಾರ ಹೊರುವುದು ಅದಲ್ಲ, ಕೆಳಗಿನ ಜಲ್ಲಿ ಮತ್ತು ಮಣ್ಣು. ಭಾರಕ್ಕೆ ಮಣ್ಣು ಕುಸಿದು ಚಕ್ರದ ಜಾಡು ತಗ್ಗಾಗುತ್ತದೆ. ಡಾಂಬರು ಬಾಗಿ ಬಾಗಿ ಮೊಸಳೆ ಚರ್ಮದಂತೆ ಸೀಳುತ್ತದೆ. ಸೀಳಿನಲ್ಲಿ ನೀರಿಳಿದ ಮೇಲೆ ಪ್ರತಿ ಚಕ್ರವೂ ಪಂಪಿನಂತೆ ಒತ್ತುವುದರಿಂದ ಜಲ್ಲಿಗೆ ಅಂಟಿದ ಡಾಂಬರು ಬಿಡುತ್ತದೆ, ಸಣ್ಣ ಪುಡಿ ಕೆಸರಾಗಿ ಮೇಲೆ ಬರುತ್ತದೆ, ಗುಂಡಿ ಬೀಳುತ್ತದೆ. 3.75 ಮೀಟರ್ ಅಗಲದ ರಸ್ತೆಯಲ್ಲಿ ಎದುರಾದ ಟಿಪ್ಪರ್‌ಗಳು ಚಕ್ರ ಕೆಳಗಿಳಿಸುವುದರಿಂದ ಅಂಚೂ ಒಡೆಯುತ್ತದೆ.

ಮುಚ್ಚುವ ಕೆಲಸವೂ ಸರಿಯಿಲ್ಲ. ನೀರು ನಿಂತ ಗುಂಡಿಗೆ ಜಲ್ಲಿಪುಡಿ ಸುರಿದರೆ ಮುಂದಿನ ಮಳೆಗೆ ಎದ್ದು ಬರುತ್ತದೆ. ಗಟ್ಟಿ ಪದರ ಸಿಗುವವರೆಗೆ ಚೌಕವಾಗಿ ಕತ್ತರಿಸಿ, ಒಣಗಿಸಿ, ತಳಕ್ಕೂ ಗೋಡೆಗೂ ಟ್ಯಾಕ್ ಕೋಟ್ (ಹೊಸ ಪದರ ಅಂಟಿಕೊಳ್ಳಲು ತೆಳು ಡಾಂಬರು) ಬಳಿದು, ಪದರ ಪದರವಾಗಿ ತುಂಬಿ ದಮ್ಮಸು ಮಾಡಬೇಕು. ಪಕ್ಕದ ಚರಂಡಿ ಕಟ್ಟಿಕೊಂಡು ನೀರು ಹರಿಯದಿದ್ದರೆ ಇದೂ ವ್ಯರ್ಥ.

ಆದ್ದರಿಂದ ತೂಕದ ತಪಾಸಣೆ ಜಲ್ಲಿ ಕ್ರಷರ್ ಗೇಟಿನಲ್ಲೇ ನಡೆಯಲಿ. ವೇ ಬ್ರಿಡ್ಜ್ ಚೀಟಿ ಮಿತಿಯೊಳಗೆ ಇದ್ದರಷ್ಟೇ ಸಾಗಣೆ ಪರ್ಮಿಟ್ ಸಿಗಲಿ. ಕ್ವಾರಿಗೆ ಅನುಮತಿ ಕೊಡುವಾಗಲೇ ಅಲ್ಲಿಂದ ಮುಖ್ಯರಸ್ತೆವರೆಗಿನ ದಾರಿಯನ್ನು ಟಿಪ್ಪರ್ ಸಂಖ್ಯೆಗೆ ತಕ್ಕಂತೆ ಗಟ್ಟಿಗೊಳಿಸಲಿ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ಅದರಡಿ ಬರುತ್ತಾನೆ. ಹೆಚ್ಚಿನ ಲೋಡ್ ಇಳಿಸುವವರೆಗೆ ವಾಹನ ಕದಲುವಂತಿಲ್ಲ. ದಂಡ ಕಟ್ಟಿಸಿಕೊಂಡು ಅದೇ ಲೋಡಿನೊಂದಿಗೆ ಬಿಟ್ಟು ಕಳಿಸುವುದನ್ನು ಸಾರಿಗೆ ಇಲಾಖೆ ಕೂಡಲೇ ನಿಲ್ಲಿಸಬೇಕು.

– ರಸ್ತೆ ಕಾಮಗಾರಿಯ ನಿವೃತ್ತ ಎಂಜಿನಿಯರ್‌ಗಳು, ಚಿಕ್ಕಬಳ್ಳಾಪುರ