ಒಂದು ಪರದೆಗೆ ಹದಿನೆಂಟು ಸಾವಿರ: ಮಂಡ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ನಮಸ್ಕಾರ.

ಇದನ್ನು ಅರ್ಜಿಯಾಗಿ ಬರೆದು ನಿಮ್ಮ ಕಚೇರಿಗೆ ಕೊಡಬಹುದಿತ್ತು. ಟಪಾಲು ಬಿಚ್ಚಿ ಓದುವವರ ಮುಖ ನೆನೆಸಿಕೊಂಡು ಸುಮ್ಮನಾದೆ. ವಿಷಯ ಗುದದ್ವಾರದ್ದು. ಹೆಸರು ಹಾಕದೆ ಎಲ್ಲರೆದುರು ಹೇಳುವುದೇ ಸಲೀಸು ಅನ್ನಿಸಿತು.

ಎರಡನೆಯ ಹೆರಿಗೆಯಾಗಿ ಐದು ತಿಂಗಳಾಗಿತ್ತು. ತೊಳೆದುಕೊಳ್ಳುವಾಗ ಬೆರಳಿಗೆ ಕಡಲೆಕಾಳಿನಷ್ಟು ಮೆತ್ತನೆಯ ಚರ್ಮ ಸಿಕ್ಕಿತು. ನೋವಿರಲಿಲ್ಲ, ರಕ್ತವಿರಲಿಲ್ಲ. ಆಗಾಗ ನವೆ, ಎಷ್ಟು ತೊಳೆದರೂ ಶುಚಿಯಾಗಿಲ್ಲವೆಂಬ ಕಸಿವಿಸಿ, ಅಷ್ಟೇ. ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋದೆ. ವೈದ್ಯರ ಮೇಜಿನ ಸುತ್ತ ಆರೇಳು ಜನ ನಿಂತಿದ್ದರು. ಬಾಗಿಲು ತೆರೆದೇ ಇತ್ತು. ಪರೀಕ್ಷೆಯ ಮಂಚದ ಮೇಲೆ ಪರದೆಯ ಕಂಬಿ ಇತ್ತು, ಪರದೆ ಇರಲಿಲ್ಲ. "ಏನಮ್ಮಾ ತೊಂದರೆ?" ಎಂದರು. ನನ್ನ ಹಿಂದೆಯೇ ನಿಂತಿದ್ದವರು ದಿನವೂ ನಾನು ಹಾಲು ತರುವ ಡೇರಿಯವರು. "ಹೊಟ್ಟೆ ಉರಿ ಸಾರ್" ಎಂದೆ. ಗ್ಯಾಸಿನ ಮಾತ್ರೆ ಹಿಡಿದುಕೊಂಡು ಹೊರಬಂದೆ. ವೈದ್ಯರನ್ನು ದೂರಲಾರೆ, ನಾನು ಹೇಳಿದ ರೋಗಕ್ಕೆ ಸರಿಯಾದ ಮಾತ್ರೆಯನ್ನೇ ಕೊಟ್ಟಿದ್ದರು.

ಮೂಲವ್ಯಾಧಿ, ಭಗಂದರ (ಗುದದ ಬಳಿ ಕೀವು ಸೋರುವ ಫಿಸ್ಟುಲಾ), ಆಪರೇಷನ್ ಇಲ್ಲದೆ ಗ್ಯಾರಂಟಿ ಎಂಬ ಚೀಟಿ ವಿದ್ಯುತ್ ಕಂಬಗಳ ಮೇಲೆ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ಅದರಲ್ಲಿದ್ದ ವಿಳಾಸಕ್ಕೆ ಹೋದೆ. ಅಲ್ಲಿ ಪರದೆ ಇತ್ತು. ನೀಲಿ ಬಣ್ಣದ್ದು, ಸಣ್ಣ ಬಿಳಿ ಹೂವುಗಳದ್ದು. ಅದರ ಹಿಂದೆ ಆತ ಮೊಬೈಲ್ ಟಾರ್ಚಿನ ಬೆಳಕಲ್ಲಿ ಅರೆ ನಿಮಿಷ ನೋಡಿ, ಎರಡನೆಯ ಹಂತದ ಮೂಲವ್ಯಾಧಿ ಎಂದ. ಉಂಗುರ ಅಡವಿಟ್ಟು ಮೂರು ಕಂತಿನಲ್ಲಿ 18,000 ರೂಪಾಯಿ ಕೊಟ್ಟೆ. ಏನೋ ಲೇಪ ಹಚ್ಚಿದ, ಸುಟ್ಟು ಹುಣ್ಣಾಯಿತು. ಮೂರು ವಾರ ಹೊಲಿಗೆ ಯಂತ್ರದ ಮುಂದೆ ಕೂರಲಾಗಲಿಲ್ಲ. ಮನೆಯಲ್ಲಿ ಅತ್ತೆಯವರಿಗೆ ಸೊಂಟ ನೋವೆಂದು ಹೇಳಿದೆ.

ಕೊನೆಗೆ ಮೈಸೂರಿನಲ್ಲಿ ಶಸ್ತ್ರಚಿಕಿತ್ಸಕಿಯೊಬ್ಬರು ನೋಡಿದರು. ಬಾಣಂತನದಲ್ಲಿ ಮಲ ಗಟ್ಟಿಯಾಗಿತ್ತೇ, ಹೋಗುವಾಗ ಕೊಯ್ದಂತೆ ಉರಿಯುತ್ತಿತ್ತೇ ಎಂದು ಕೇಳಿದರು. ಹೌದು, ಎರಡೂ. ಮೊದಲು ಗುದದ ಅಂಚಿನಲ್ಲಿ ಬಿರುಕು ಬಿಟ್ಟಿದೆ, ಅದಕ್ಕೆ ಫಿಷರ್ ಎನ್ನುತ್ತಾರೆ. ಅದರ ಬಾಯಲ್ಲಿ ಊದಿಕೊಂಡ ಚರ್ಮ ಬಿರುಕು ಮಾಗಿದ ಮೇಲೂ ಹಾಗೇ ಉಳಿದಿದೆ. "ಹೆತ್ತ ಮೇಲೆ ಹೊಟ್ಟೆಯ ಚರ್ಮ ಜೋಲು ಬಿದ್ದಿಲ್ಲವೇ, ಇದೂ ಅಂಥದ್ದೇ" ಎಂದರು. ಸ್ಕಿನ್ ಟ್ಯಾಗ್ ಎಂದು ಅದರ ಹೆಸರು. ಮೂಲವ್ಯಾಧಿ ಎಂದರೆ ಊದಿಕೊಂಡ ರಕ್ತನಾಳಗಳ ಮೆತ್ತೆ, ಇದು ಬರೀ ಚರ್ಮ. ಹೊರಗಿನ ಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿ ಇಳಿದ ಮೇಲೂ ಇಂಥದ್ದು ಉಳಿಯುವುದುಂಟು. ಇದು ಕ್ಯಾನ್ಸರ್ ಆಗುವುದಿಲ್ಲ, ಸುಮ್ಮನೆ ಬಿಟ್ಟರೂ ನಡೆಯುತ್ತದೆ. ಶುಚಿತ್ವಕ್ಕೆ ಅಡ್ಡಿಯಾದರೆ ಆ ಜಾಗವಷ್ಟೇ ಮರಗಟ್ಟುವ ಸೂಜಿ ಕೊಟ್ಟು ಕತ್ತರಿಸಿ ತೆಗೆಯುತ್ತಾರೆ, ಅದೇ ದಿನ ಮನೆಗೆ ಬರಬಹುದು. ಬಿರುಕು ಇನ್ನೂ ಇದ್ದರೆ ಮೊದಲು ಅದು ವಾಸಿಯಾಗಬೇಕು. ಅದಕ್ಕೆ ನೀರು, ನಾರಿನ ಆಹಾರ, ದಿನಕ್ಕೆ ಎರಡು ಮೂರು ಸಲ ಬೆಚ್ಚನೆಯ ನೀರಿನ ಟಬ್ಬಿನಲ್ಲಿ 10-15 ನಿಮಿಷ ಕೂರುವುದು, ಬೇಕಾದರೆ ವೈದ್ಯರು ಬರೆದುಕೊಡುವ ಮುಲಾಮು. ನರುಳ್ಳಿಗೆ ಕೂದಲು ಕಟ್ಟಿ ಉದುರಿಸುವ ನಮ್ಮ ಕಡೆಯ ವಿದ್ಯೆಯನ್ನು ಇಲ್ಲಿ ತೋರಿಸಲೇಬಾರದು.

ಆದರೆ ಕೈಗೆ ಸಿಕ್ಕ ಗಂಟೆಲ್ಲ ಸ್ಕಿನ್ ಟ್ಯಾಗ್ ಅಲ್ಲ ಎಂದೂ ಅವರು ಹೇಳಿದರು. ರಕ್ತ ಬಂದರೆ, ಗಟ್ಟಿಯಾಗಿ ಬೆಳೆಯುತ್ತಿದ್ದರೆ, ಹುಣ್ಣು ಮಾಗದಿದ್ದರೆ, ಮಲವಿಸರ್ಜನೆಯ ಕ್ರಮ ಬದಲಾದರೆ ತಡಮಾಡದೆ ತೋರಿಸಬೇಕು. ಎಲ್ಲಕ್ಕೂ ಮೂಲವ್ಯಾಧಿ ಎಂಬ ಒಂದೇ ಹೆಸರಿಟ್ಟುಕೊಂಡು ಲೇಹ ತಿನ್ನುತ್ತಾ ಕುಳಿತವರ ಪಾಲಿಗೆ ಅದು ಕ್ಯಾನ್ಸರೂ ಆಗಿರಬಹುದು.

ಮುದ್ದೆ ಉಣ್ಣುವ ಜಿಲ್ಲೆಯಲ್ಲಿ ಮಲಬದ್ಧತೆ ಎಲ್ಲಿಂದ ಬಂತು ಎನ್ನಬೇಡಿ. ಬಾಣಂತಿಗೆ ನಾವು ಮುದ್ದೆಯನ್ನೂ ಕೊಡುವುದಿಲ್ಲ, ಸೊಪ್ಪನ್ನೂ ಕೊಡುವುದಿಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ನನಗೆ ದಿನಕ್ಕೆ ಎರಡು ಲೋಟ ಅಳೆದು ಕೊಟ್ಟಿದ್ದರು. ಮೆಣಸಿನ ಸಾರು, ಬಿಳಿ ಅನ್ನ, ಬ್ರೆಡ್ಡು. ಕೊಟ್ಟ ಕೈ ಅಮ್ಮನದು, ಪ್ರೀತಿಯಿಂದಲೇ ಕೊಟ್ಟಳು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 42 ದಿನಗಳೊಳಗೆ ಆರು ಸಲ ಬರಬೇಕು, ನಮ್ಮ ಮನೆಗೆ ತಪ್ಪದೆ ಬಂದರು. ಮಗುವಿನ ತೂಕ ಬರೆದುಕೊಂಡರು. "ಮಲ ಸಲೀಸಾಗಿ ಹೋಗುತ್ತಿದೆಯೇ, ನೀರು ಕುಡಿಯುತ್ತಿದ್ದೀಯಾ?" ಎಂದು ಒಮ್ಮೆ ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ. ಅಮ್ಮನಿಗೂ ಅವರ ಮಾತು ನಾಟುತ್ತಿತ್ತು. ಆ ಪ್ರಶ್ನೆಯನ್ನು ಅವರ ಮಾಸಿಕ ಸಭೆಯಲ್ಲಿ ಹೇಳಿಕೊಡಿ.

ಇನ್ನು ಆ ಚೀಟಿಗಳ ವಿಚಾರ. ವಕೀಲರ ಬಳಿ ಗುಮಾಸ್ತನಾಗಿರುವ ನನ್ನ ತಮ್ಮ ಕಾನೂನು ತೋರಿಸಿದ. 1945ರ ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ, ಯಾವ ಔಷಧವೂ ವಾಸಿ ಮಾಡುತ್ತೇನೆಂದು ಹೇಳಿಕೊಳ್ಳಬಾರದ ರೋಗಗಳ ಪಟ್ಟಿಯಿದೆ. ಮೂಲವ್ಯಾಧಿ, ಭಗಂದರ ಎರಡೂ ಅದರಲ್ಲಿವೆ. ಖಾಸಗಿ ಕ್ಲಿನಿಕ್ ನಡೆಸಲು 2007ರ ರಾಜ್ಯ ಕಾಯ್ದೆಯಡಿ ನೋಂದಣಿ ಬೇಕು. ಚೀಟಿಯಲ್ಲಿ ಫೋನ್ ನಂಬರ್ ದಪ್ಪ ಅಕ್ಷರದಲ್ಲೇ ಇರುತ್ತದೆ. ಪತ್ತೆ ಹಚ್ಚಲು ಪೊಲೀಸರೇ ಬೇಕಿಲ್ಲ, ನಿಮ್ಮ ಕಚೇರಿಯಿಂದ ಒಂದು ಕರೆ ಮಾಡಿದರೆ ವಿಳಾಸ ಅವರೇ ಹೇಳುತ್ತಾರೆ.

ಆದರೆ ಚೀಟಿ ಕಿತ್ತುಹಾಕಿದರೂ, ಜನ ನಿಮ್ಮ ಆಸ್ಪತ್ರೆಯಲ್ಲಿ ಬಾಯಿ ಬಿಡಬೇಕಾದರೆ ಬಾಗಿಲು ಮುಚ್ಚಬೇಕು, ಒಬ್ಬೊಬ್ಬರನ್ನೇ ಒಳಗೆ ಕರೆಯಬೇಕು, ಹೆಂಗಸರಿಗೆ ಜೊತೆಯಲ್ಲೊಬ್ಬ ನರ್ಸ್ ಇರಬೇಕು. ಆ ಕಂಬಿಗೆ ಪರದೆ ಬೇಕು. ತಾಲ್ಲೂಕು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಅದಕ್ಕೂ ಹಣವಿಲ್ಲವೆಂದಾದರೆ ಮಂಚದ ಅಳತೆ ಪ್ರಕಟಿಸಿ. ಬಟ್ಟೆ ನನ್ನದೇ, ಹೊಲಿದು ಕಳುಹಿಸುತ್ತೇನೆ.

ಇಂತಿ,
ಹೆಸರು ಬರೆಯಲು ಇನ್ನೂ ಧೈರ್ಯ ಸಾಲದ ಒಬ್ಬ ದರ್ಜಿ
ಮಂಡ್ಯ